ಲಿನಕ್ಸ್‌ನಲ್ಲಿ ವಿಂಡೋಸ್ ಆಡಿಯೋ ಪ್ಲಗಿನ್‌ಗಳು: ವೈನ್, ಯಾಬ್ರಿಡ್ಜ್ ದೀರ್ಘ ಬಳಕೆಯ ವಿಮರ್ಶೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು, ಉಬುಂಟು ಹಾಕಿ, ಕನ್ನಡ ಪಾಡ್‌ಕಾಸ್ಟ್ ಎಡಿಟ್ ಮಾಡಲು ಹೊರಟವರಿಗೆ ಮೊದಲ ಮಾತು: ಇಡೀ ಎಡಿಟರನ್ನು ವೈನ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶ ಓಡಿಸುವ ಸಾಧನ) ಓಡಿಸುವ ಹಟ ಬೇಡ. ರೀಪರ್ ಎಂಬ ಆಡಿಯೋ ಎಡಿಟರಿಗೆ ಲಿನಕ್ಸ್ ಆವೃತ್ತಿಯೇ ಇದೆ. ಅದನ್ನು ಹಾಕಿಕೊಂಡು, ವಿಂಡೋಸ್ ಪ್ಲಗಿನ್‌ಗಳನ್ನಷ್ಟೇ (ದನಿ ತಿದ್ದಲು ಎಡಿಟರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳು) ಯಾಬ್ರಿಡ್ಜ್ ಎಂಬ ಸೇತುವೆ ತಂತ್ರಾಂಶದ ಮೂಲಕ ಒಳಗೆ ತನ್ನಿ. ರೆಕಾರ್ಡಿಂಗ್, ಫೈಲ್ ಉಳಿಸುವುದು ಯಾವುದಕ್ಕೂ ಆಗ ವೈನ್ ಹಂಗಿರುವುದಿಲ್ಲ.

ಕೆಲಸ ಸುಲಭ. ಪ್ಲಗಿನ್‌ನ ಇನ್‌ಸ್ಟಾಲರನ್ನು ವೈನ್‌ನಲ್ಲಿ ತೆರೆದು ಮುಗಿಸಿ. ವಿಎಸ್‌ಟಿ3 ಎಂಬ ಮಾದರಿಯ ಪ್ಲಗಿನ್ ಫೈಲ್‌ಗಳು ವೈನ್‌ನ ಸಿ ಡ್ರೈವ್‌ನಲ್ಲಿ ಪ್ರೋಗ್ರಾಂ ಫೈಲ್ಸ್, ಅದರೊಳಗಿನ ಕಾಮನ್ ಫೈಲ್ಸ್ ಫೋಲ್ಡರಿಗೆ ಬೀಳುತ್ತವೆ. ಆ ಜಾಗವನ್ನು ಯಾಬ್ರಿಡ್ಜ್‌ಗೆ ಒಮ್ಮೆ 'ಆಡ್' ಮಾಡಿ, 'ಸಿಂಕ್' ಕೊಟ್ಟು, ರೀಪರ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಹೊಸ ಪ್ಲಗಿನ್ ಹಾಕಿದಾಗಲೆಲ್ಲ ಸಿಂಕ್ ಆಗಬೇಕು. ಇಲ್ಲದಿದ್ದರೆ ಅದು ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ನಿಜವಾದ ತಲೆನೋವು ವೈನ್ ಅಪ್‌ಡೇಟ್. ಯಾಬ್ರಿಡ್ಜ್ 5.1.1 ಜೊತೆ ವೈನ್ 9.22 ಅಥವಾ ಅದರ ನಂತರದ್ದು ಸೇರಿದರೆ ಪ್ಲಗಿನ್ ಕಿಟಕಿಯಲ್ಲಿ ಮೌಸ್ ದಾರಿ ತಪ್ಪುತ್ತದೆ: ನೀವು ಒತ್ತಿದ್ದು ಥ್ರೆಶೋಲ್ಡ್ ನಾಬ್, ಕ್ಲಿಕ್ ಬಿದ್ದದ್ದು ಇನ್ನೆಲ್ಲೋ. ಹಾಗಾಗಿ ವೈನ್‌ನ 'ಸ್ಟೇಜಿಂಗ್' ಆವೃತ್ತಿ 9.21 ಹಾಕಿ, ವೈನ್‌ನ ಎಲ್ಲ ಪ್ಯಾಕೇಜುಗಳನ್ನೂ ಎಪಿಟಿಯಲ್ಲಿ (ಉಬುಂಟುವಿನ ಪ್ಯಾಕೇಜ್ ನಿರ್ವಾಹಕ) 'ಹೋಲ್ಡ್' ಮಾಡಿ, ಅಪ್‌ಡೇಟ್ ಆಗದಂತೆ ತಡೆದುಬಿಡಿ. ಒಂದನ್ನು ಬಿಟ್ಟರೂ ಮುಂದಿನ ಅಪ್‌ಗ್ರೇಡ್‌ನಲ್ಲಿ ಪ್ಯಾಕೇಜುಗಳು ಒಂದಕ್ಕೊಂದು ಹೊಂದದೆ ತಕರಾರು ತೆಗೆಯುತ್ತವೆ.

ದನಿ ಚಟಪಟ ಎಂದು ಒಡೆದರೆ ಪ್ಲಗಿನ್ನನ್ನು ಬೈಯುವ ಮೊದಲು ರಿಯಲ್‌ಟೈಮ್ ಅನುಮತಿ (ಆಡಿಯೋ ಕೆಲಸಕ್ಕೆ ಪ್ರೊಸೆಸರ್‌ನಲ್ಲಿ ಮೊದಲ ಆದ್ಯತೆ) ನೋಡಿ. ನಿಮ್ಮ ಯೂಸರ್ 'ಆಡಿಯೋ' ಗುಂಪಿನಲ್ಲಿರಬೇಕು. ಲಿನಕ್ಸ್‌ನ ಲಿಮಿಟ್ಸ್ ಫೈಲಿನಲ್ಲಿ ಆ ಗುಂಪಿಗೆ ಆರ್‌ಟಿಪ್ರಿಯೋ (ಆದ್ಯತೆಯ ಮಿತಿ) 95, ಮೆಮ್‌ಲಾಕ್ (ಮೆಮೊರಿ ಕಾದಿರಿಸುವ ಮಿತಿ) ಅನ್‌ಲಿಮಿಟೆಡ್ ಇರಬೇಕು. ಲಾಗ್ ಔಟ್ ಆಗಿ ಬಂದ ಮೇಲಷ್ಟೇ ಇದು ಜಾರಿಗೆ ಬರುತ್ತದೆ. 48,000 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ (ಒಂದು ಸಲಕ್ಕೆ ಸಂಸ್ಕರಿಸುವ ದನಿಯ ತುಣುಕು) ಅಂದರೆ 5.3 ಮಿಲಿಸೆಕೆಂಡ್. ಹೆಡ್‌ಫೋನ್‌ನಲ್ಲಿ ಕೇಳುತ್ತ ಹಾಡು ರೆಕಾರ್ಡ್ ಮಾಡಲು ಅಷ್ಟು ಕಡಿಮೆ ವಿಳಂಬ ಬೇಕು. ಬರೀ ಮಾತಿನ ಎಡಿಟಿಂಗ್‌ಗೆ 1024 ಇಡಿ. ಹಳೇ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಗುತ್ತದೆ.

ಕನ್ನಡ ಫೈಲ್ ಹೆಸರುಗಳು ಹಳೇ ವಿಂಡೋಸ್ ತಂತ್ರಾಂಶಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಇದು ವೈನ್ ತಪ್ಪಲ್ಲ. ಅವು ಯೂನಿಕೋಡ್ ಅರಿಯದವು, ಅಂಥ ತಂತ್ರಾಂಶಗಳು ನೆಚ್ಚುವ ಹಳೇ 'ಆನ್ಸಿ' ಕೋಡ್ ಪೇಜ್ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) ವಿಂಡೋಸ್‌ನಲ್ಲಿ ಕನ್ನಡಕ್ಕೆ ಇರಲೇ ಇಲ್ಲ.

ಐಲಾಕ್ ಡಾಂಗಲ್ (ಲೈಸೆನ್ಸ್ ಇರುವ ಯುಎಸ್‌ಬಿ ಕೀಲಿ) ಕೇಳುವ ಪ್ಲಗಿನ್‌ಗೆ ದುಡ್ಡು ಹಾಕಬೇಡಿ. ಉಳಿದವನ್ನೂ ಡೆಮೊ ಓಡಿಸಿ ನೋಡಿಯೇ ಕೊಳ್ಳಿ. ಔಟರ್ ರಿಂಗ್ ರೋಡ್ ಪಕ್ಕದ ಫ್ಲ್ಯಾಟಿನಲ್ಲಿ ರೆಕಾರ್ಡ್ ಆದ ಬಸ್ಸಿನ ಗುಡುಗುಡು ಕಡಿಮೆ ಮಾಡಲಂತೂ ಯಾವ ವಿಂಡೋಸ್ ಪ್ಲಗಿನ್ನೂ ಬೇಡ: ರೀಪರ್‌ನದೇ ಈಕ್ವಲೈಸರ್ ರಿಯಾಇಕ್ಯೂ ತೆರೆದು 80 ಹರ್ಟ್ಸ್‌ಗೆ ಹೈ-ಪಾಸ್ (ಅದಕ್ಕಿಂತ ಕೆಳಗಿನ ದನಿ ತಗ್ಗಿಸುವ ಫಿಲ್ಟರ್) ಹಾಕಿದರೆ ಆಯಿತು.