ಬೇಸಿಗೆ ಸಂಶೋಧನೆಗೆ ಆನ್ಸಿಸ್ಸೋ ಓಪನ್‌ಫೋಮೋ?

ಆನ್ಸಿಸ್, ಓಪನ್‌ಫೋಮ್ ಎರಡೂ ದ್ರವದ ಹರಿವಿನಂಥ ಎಂಜಿನಿಯರಿಂಗ್ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡುವ ತಂತ್ರಾಂಶಗಳು; ಬೇಸಿಗೆಯ ಎರಡು ತಿಂಗಳ ಪ್ರಾಜೆಕ್ಟಿಗೆ ಇವುಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ದುಡ್ಡಿನ ಮಾತು ಬೇಗ ಮುಗಿಯುತ್ತದೆ: ಆನ್ಸಿಸ್‌ನ ವಿದ್ಯಾರ್ಥಿ ಆವೃತ್ತಿಯೂ ಉಚಿತ, ಓಪನ್‌ಫೋಮ್ ಕೂಡ ಉಚಿತ. ಆದರೆ ಮೊದಲನೆಯದಕ್ಕೆ ವಿಂಡೋಸ್ ಬೇಕು, ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆಯುವ ಬಲೆ) ಗಾತ್ರಕ್ಕೂ ಮಿತಿಯಿದೆ. ಎರಡನೆಯದಕ್ಕೆ ನಿಮ್ಮ ಕಂಪ್ಯೂಟರಿನ ತಾಕತ್ತೇ ಮಿತಿ.

ಕಲಿಕೆಯಲ್ಲೇ ನಿಜವಾದ ವ್ಯತ್ಯಾಸ. ಆನ್ಸಿಸ್‌ನಲ್ಲಿ ಮೊದಲ ವಾರವೇ ಫಲಿತಾಂಶದ ಬಣ್ಣಬಣ್ಣದ ಚಿತ್ರ ಬರುತ್ತದೆ. ಒಳಗೆ ಏನು ನಡೆಯಿತೆಂದು ತಿಳಿಯದಿದ್ದರೂ ಬರುತ್ತದೆ, ಅಪಾಯ ಅದೇ. ಓಪನ್‌ಫೋಮ್‌ನಲ್ಲಿ ಸೊನ್ನೆ, ಕಾನ್‌ಸ್ಟಂಟ್, ಸಿಸ್ಟಮ್ ಎಂಬ ಮೂರು ಫೋಲ್ಡರ್‌ಗಳ ಕಡತಗಳನ್ನು ಕೈಯಾರೆ ತಿದ್ದಬೇಕು. ಒಂದು ಸೆಮಿಕೋಲನ್ ಬಿಟ್ಟುಹೋದರೂ ಮುಂದೆ ಹೋಗುವುದಿಲ್ಲ; ನನ್ನ ಒಂದಿಡೀ ಸಂಜೆಯನ್ನು ಅದು ನುಂಗಿದೆ.

ಮಾರ್ಗದರ್ಶಕರಿಗೆ ತೊಲೆಯ ಬಾಗುವಿಕೆ ಬೇಕಿದ್ದರೆ ಆನ್ಸಿಸ್ ಹಿಡಿಯಿರಿ. ಹರಿವಿನ ಸಮೀಕರಣವನ್ನೇ ಬದಲಿಸುವ ಕೆಲಸವಾದರೆ, ಮೂಲ ಕೋಡ್ ತೆರೆದಿಟ್ಟಿರುವ ಓಪನ್‌ಫೋಮ್. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ವಿಡಿಯೋ ಪಾಠಮಾಲೆಯಲ್ಲಿ ಅದರ ಪಾಠಗಳೂ ಇವೆ.