ತುಕ್ಕು ಹಿಡಿದ ಕಾರಿಗೆ ಪುಟ್ಟಿಯೋ, ತಗಡಿನ ತೇಪೆಯೋ?

ಕಾರವಾರದ ಉಪ್ಪುಗಾಳಿಗೆ ಹಳೇ ಮಾರುತಿ 800ರಲ್ಲಿ ಎಂಜಿನ್‌ಗಿಂತ ಮೊದಲು ಸೋಲುವುದು ತಗಡು. ಮ್ಯಾಟ್ ಎತ್ತಿ, ಫ್ಲೋರಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ತುದಿ ಒಳಗಿಳಿಯಿತೆಂದರೆ ಪುಟ್ಟಿಯ ಮಾತೇ ಬೇಡ.

ಪುಟ್ಟಿ ಅಗ್ಗ, ಮನೆಯಲ್ಲೇ ಹಚ್ಚಬಹುದು. ಬಾಗಿಲಿನ ಮೇಲ್ಮೈ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದರೆ ಪುಟ್ಟಿಯೇ ಸಾಕು. ತೂತಿನ ಮೇಲೆ ಮೆತ್ತಿದರೆ ಮಾತ್ರ ಅಡಿಯಲ್ಲಿ ನೀರು ನಿಂತು ತುಕ್ಕು ಹಬ್ಬುತ್ತಲೇ ಇರುತ್ತದೆ. ಈ ಕಾರಿಗೆ ಪ್ರತ್ಯೇಕ ಚಾಸಿಸ್, ಅಂದರೆ ಬಾಡಿಯನ್ನು ಹೊರುವ ಅಡಿಚೌಕಟ್ಟು, ಇಲ್ಲ. ಬಾಡಿಯ ಬಲದಲ್ಲಿ ಫ್ಲೋರಿಗೂ ಪಾಲಿದೆ, ಸೀಟು ನಿಂತಿರುವುದೂ ಅದರ ಮೇಲೆಯೇ.

ಅಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುವುದೇ ಸರಿ. ಖರ್ಚು ತಗ್ಗಿಸಲು ಸೀಟು ಬಿಚ್ಚುವುದು, ತುಕ್ಕು ಕೆರೆಯುವುದು, ಬ್ಯಾಟರಿ ತಂತಿ ಕಳಚುವುದು ನೀವೇ ಮಾಡಿ, ಬೆಸುಗೆ ಗ್ಯಾರೇಜಿನವರಿಗಿರಲಿ. ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯಲು ಬಳಿಯುವ ಅಂಡರ್‌ಕೋಟಿಂಗ್ ಮಳೆಗಾಲಕ್ಕೆ ಮುಂಚೆಯೇ ಆಗಬೇಕು, ಒದ್ದೆ ತಗಡಿಗೆ ಅದು ಹಿಡಿಯುವುದಿಲ್ಲ.