ಅಂಧೇರಿಯ ಡಬ್ಬಿಂಗ್ ಕಾರ್ಯಾಗಾರ: ಇಲ್ಲಿ ಮೊದಲು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ

ಮುಂಬೈಯಲ್ಲಿ ಕೂತು ಕನ್ನಡ ಡಬ್ಬಿಂಗ್ ಕಲಿಯಬೇಕು ಅನ್ನೋ ಆಸೆ ಇರುವವರು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತೆ. ಆದರೆ ನಾನು ಹುಡುಕುವಾಗ ಕನ್ನಡದಲ್ಲಿ ಇಂಥ ಒಂದು ವಿಮರ್ಶೆಯೂ ಸಿಕ್ಕಿರಲಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬೇಕಾದ ಮಾಹಿತಿ. ಸ್ಟುಡಿಯೋ ಇರುವುದು ಅಂಧೇರಿ ಪಶ್ಚಿಮದಲ್ಲಿ, ವೀರಾ ದೇಸಾಯಿ ರಸ್ತೆಯ ಒಳಗಿನ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಆಜಾದ್ ನಗರ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ನಾನು ಡೊಂಬಿವಲಿಯವಳು. ಲೋಕಲ್ ಹಿಡಿದು ಘಾಟ್‌ಕೋಪರ್, ಅಲ್ಲಿಂದ ಮೆಟ್ರೋ. ಕಾರ್ಯಾಗಾರ ಎರಡು ತಿಂಗಳು, ಶನಿವಾರ ಭಾನುವಾರ ಮಾತ್ರ. ಫೀಸು 18,000 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಒಂದು ಬ್ಯಾಚಿನಲ್ಲಿ 10 ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಪಾಠ ಮುಖ್ಯವಾಗಿ ಹಿಂದಿಯಲ್ಲಿ. ಕನ್ನಡ, ತೆಲುಗು, ತಮಿಳಿನವರಿಗೆ ಅವರವರ ಭಾಷೆಯ ಕಲಾವಿದರು ಬಂದು ಬೇರೆ ಕ್ಲಾಸು ತೆಗೆದುಕೊಳ್ಳುತ್ತಾರೆ. ನನ್ನ ಅಂಕ ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಕಡಿಮೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನನಗೆ ಈ ಹುಚ್ಚು ಹಳೆಯದು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ, ಮಾಹಿಮ್‌ನ ಕರ್ನಾಟಕ ಸಂಘದಲ್ಲಿ ನಾಟಕ ನೋಡಿಕೊಂಡೇ ಬೆಳೆದವಳು. ಆಮೇಲೆ ಸಣ್ಣಪುಟ್ಟ ಪಾತ್ರಗಳನ್ನೂ ಮಾಡಿದೆ. ಕೆಲಸ ಅಕೌಂಟ್ಸಿನದು. ಆದರೆ ಟಿವಿಯಲ್ಲಿ ಜಾಹೀರಾತು ಬಂದರೆ ಚಿತ್ರ ಬಿಟ್ಟು ಧ್ವನಿಯನ್ನೇ ಕೇಳುತ್ತಿದ್ದೆ, ಆ ಸಾಲನ್ನು ನಾನಾಗಿದ್ದರೆ ಹೇಗೆ ಹೇಳುತ್ತಿದ್ದೆ ಅಂತ ಅಡುಗೆಮನೆಯಲ್ಲಿ ನಿಂತು ಹೇಳಿ ನೋಡುತ್ತಿದ್ದೆ. ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಮನೆಯಲ್ಲಿ ಬಾಯಿ ಬಿಟ್ಟಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಎಲ್ಲರೂ ತುಂಬ ಪ್ರೀತಿಯಿಂದ, ನಿನಗಾಗಲ್ಲ ಅಂದರು. ಊರಿಂದ ಬಂದಿದ್ದ ದೊಡ್ಡ ಮಾಮ ನಮ್ಮ ಕುಂದಾಪುರದ ಮಾತಿನಲ್ಲೇ "ಅದ್ ನಮ್ಗ್ ಆಪ್ ಕೆಲ್ಸ ಅಲ್ಲ ಮಗಾ" ಅಂದರು. ಬೆಂಗಳೂರಿನ ಅತ್ತಿಗೆ, "ಮುಂಬೈಯಲ್ಲಿ ಬೆಳೆದವರ ಕನ್ನಡ ಅಲ್ಲೇ ಗೊತ್ತಾಗಿಬಿಡುತ್ತೆ ಕಣೇ" ಅಂದರು. ಅಪ್ಪಯ್ಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತು ನಮ್ಮನ್ನು ಓದಿಸಿದವರು. ಅವರು ಕೇಳಿದ್ದು ಒಂದೇ: "ತಿಂಗಳಿಗೆ ಎಷ್ಟು ಬರುತ್ತೆ?" ಆ ಪ್ರಶ್ನೆ ಮಾತ್ರ ನ್ಯಾಯವಾದದ್ದು ಅಂತ ಈಗಲೂ ಅನ್ನಿಸುತ್ತೆ.

ಇನ್ನೊಬ್ಬರು ಕೋಆರ್ಡಿನೇಟರ್, ಅಂದರೆ ಡಬ್ಬಿಂಗಿಗೆ ಧ್ವನಿ ಕಲಾವಿದರನ್ನು ಗೊತ್ತುಮಾಡಿ ಕೊಡುವವರು. ಹೆಸರು ಬೇಡ. ಫೋನಿನಲ್ಲಿ ನಾನು ಡೊಂಬಿವಲಿ ಅಂದಿದ್ದೇ ತಡ, "ಮುಂಬೈ ಕನ್ನಡ ನಡೆಯಲ್ಲ ಮೇಡಂ, ಕ್ಲೈಂಟ್ ಒಪ್ಪಲ್ಲ" ಅಂತ ಇಟ್ಟುಬಿಟ್ಟರು. ಸ್ಯಾಂಪಲ್ ಕಳಿಸಲಾ ಅಂತ ಕೇಳುವಷ್ಟು ಹೊತ್ತೂ ಕೊಡಲಿಲ್ಲ.

ಇವರಲ್ಲಿ ಒಬ್ಬರೂ ನಾನು ಮೈಕಿನ ಮುಂದೆ ಮಾತಾಡಿದ್ದನ್ನು ಕೇಳಿರಲಿಲ್ಲ. ಒಂದು ನಿಮಿಷ ಕೂಡ. ನನ್ನ ಊರು ಕೇಳಿದರು, ವಯಸ್ಸು ಕೇಳಿದರು, ಅಪ್ಪನ ಕೆಲಸ ಗೊತ್ತಿತ್ತು, ಅಷ್ಟರ ಮೇಲೇ ತೀರ್ಪು ಕೊಟ್ಟರು. ಈ ಕಾರ್ಯಾಗಾರ ನನಗೆ ಇಷ್ಟವಾಗಿದ್ದಕ್ಕೆ ಮುಖ್ಯ ಕಾರಣವೇ ಇದು. ಇಲ್ಲಿ ಫೀಸು ತೆಗೆದುಕೊಳ್ಳುವುದಕ್ಕೂ ಮುಂಚೆ ಬೂತಿನೊಳಗೆ ನಿಲ್ಲಿಸಿ ರೆಕಾರ್ಡ್ ಮಾಡುತ್ತಾರೆ. ಅದನ್ನು ನಿಮ್ಮ ಎದುರಿಗೇ ಹಾಕಿ ಕೇಳುತ್ತಾರೆ. ಆಮೇಲೆ ಮಾತು.

ಕನ್ನಡದ ಕ್ಲಾಸು ತೆಗೆದುಕೊಳ್ಳುವವರು ಧಾರವಾಡದ ಕಡೆಯ ಮೇಡಂ. ಜಾಹೀರಾತಿನಲ್ಲಿ ತುಂಬ ವರ್ಷ ಕೆಲಸ ಮಾಡಿದವರು. ನನ್ನ ರೆಕಾರ್ಡಿಂಗ್ ಎರಡು ಸಲ ಕೇಳಿದರು. ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. "ನಿಮ್ಮ ಹಕಾರ, ಳಕಾರ, ಣಕಾರ ಸ್ವಚ್ಛ ಇವೆ, ಕರಾವಳಿಯವರಾ? ಆದರೆ ವಾಕ್ಯದ ಕೊನೆ ನುಂಗ್ತೀರಿ. ಪದದ ಕೊನೆಯ ಸ್ವರ ಬೀಳೋದೇ ಇಲ್ಲ" ಅಂದರು. ಹೌದು! ಮನೆಯಲ್ಲಿ ಕುಂದಾಪುರದ ಮಾತು, ಅಲ್ಲಿ "ಬಂದ್" "ಕೂಕಂಡ್" ಅಂತ ಕೊನೆ ಕತ್ತರಿಸಿಯೇ ಆಡುವುದು. ಹೊರಗೆ ಹಿಂದಿ, ಅಲ್ಲೂ ಅದೇ ಅಭ್ಯಾಸ. ಎರಡೂ ಸೇರಿ ನನ್ನ ಪುಸ್ತಕದ ಕನ್ನಡದ ಬಾಲ ತುಂಡಾಗಿತ್ತು. ಜೊತೆಗೆ, ಪ್ರಶ್ನೆ ಅಲ್ಲದ ವಾಕ್ಯದ ಕೊನೆಯಲ್ಲೂ ರಾಗ ಮೇಲೆ ಹೋಗುತ್ತಿತ್ತು, ಉಸಿರು ಕರ್ತೃಪದ ಆದ ಕೂಡಲೇ ತೆಗೆದುಕೊಳ್ಳುತ್ತಿದ್ದೆ. ಒಂದೊಂದನ್ನೂ ಹಾಳೆಯ ಮೇಲೆ ಗುರುತು ಹಾಕಿ ತೋರಿಸಿದರು.

ಅವತ್ತು ನನಗಾದ ಖುಷಿ ಹೇಳತೀರದು. ವರ್ಷಗಟ್ಟಲೆ "ನಿನಗಾಗಲ್ಲ" ಅನ್ನೋದನ್ನು ಕೇಳಿ ಕೇಳಿ ಏನನ್ನು ತಿದ್ದಬೇಕು ಅಂತಲೇ ಗೊತ್ತಿರಲಿಲ್ಲ. ಕೊನೆಯ ಸ್ವರ ನುಂಗ್ತೀರಿ ಅಂದರೆ ಅದನ್ನು ತಿದ್ದಬಹುದು, ಅಲ್ವಾ? ಮುಂಬೈಯಲ್ಲಿ ಹುಟ್ಟಿದ್ದನ್ನು ಹೇಗೆ ತಿದ್ದಲಿ?

ಇನ್ನೊಂದನ್ನೂ ನೇರವಾಗಿ ಹೇಳಿದರು. ನನ್ನ ಧ್ವನಿ ಕಾಲೇಜು ಹುಡುಗಿಗೆ ಹೊಂದುವುದಿಲ್ಲ, ನಾಯಕಿಯ ಪಾತ್ರದ ಆಸೆ ಸದ್ಯಕ್ಕೆ ಬೇಡ, ಆದರೆ ತಾಯಿ, ವಕೀಲೆ, ಡಾಕ್ಟರ್, ಪೊಲೀಸ್ ಅಧಿಕಾರಿ ಇಂಥವಕ್ಕೆ ಚೆನ್ನಾಗಿ ಕೂರುತ್ತೆ ಅಂತ. ಕೇಳಿ ಬೇಜಾರಾಯಿತು. ಆದರೆ ನನ್ನನ್ನು ಕೇಳಿಸಿಕೊಂಡವರು ಹೇಳಿದ ಮಾತು ಅದು, ಒಪ್ಪಿಕೊಂಡೆ.

ಈಗ ಪಾಠದ ವಿಷಯ. ಡಬ್ಬಿಂಗ್ ಅಂದರೆ ಪರದೆ ನೋಡಿಕೊಂಡು ಓದುವುದು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಕಿವಿಯಲ್ಲಿ ಪೈಲಟ್, ಅಂದರೆ ಮೂಲ ಭಾಷೆಯ ಮಾತಿನ ರೆಕಾರ್ಡಿಂಗ್, ಓಡುತ್ತಿರುತ್ತೆ, ಕಣ್ಣು ನಟನ ತುಟಿಯ ಮೇಲೆ, ಇನ್ನೊಂದು ಕಣ್ಣು ಸ್ಕ್ರಿಪ್ಟ್ ಮೇಲೆ, ಬಾಯಲ್ಲಿ ಕನ್ನಡ, ಅದರ ಮಧ್ಯೆ ಅಭಿನಯ. ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಫ್ರೇಮ್, ಸಿನಿಮಾದಲ್ಲಿ 24. ನಾಲ್ಕೈದು ಫ್ರೇಮ್ ಆಚೀಚೆ ಆದರೂ ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸಿಬಿಡುತ್ತೆ, ಯಾಕೆ ಅಂತ ಅವರಿಗೆ ಗೊತ್ತಾಗದಿದ್ದರೂ.

ಎಲ್ಲಕ್ಕಿಂತ ಇಷ್ಟವಾದದ್ದು ತುಟಿಯ ಪಾಠ. ಪ, ಬ, ಮ ಈ ಮೂರಕ್ಕೂ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ನಟನ ತುಟಿ ಮುಚ್ಚಿದಾಗ ನಮ್ಮ ಸಾಲಿನಲ್ಲೂ ಅಂಥದ್ದೊಂದು ಅಕ್ಷರ ಬಂದರೆ ಕಣ್ಣು ನಂಬುತ್ತದೆ. ಒಂದು ದೃಶ್ಯದಲ್ಲಿ ಅಪ್ಪ ಮಗಳಿಗೆ ಹಿಂದಿಯಲ್ಲಿ "ಮುಝೇ ಮಾಫ್ ಕರ್ ದೋ" ಅನ್ನುತ್ತಾನೆ. ನಾವೆಲ್ಲ ಮೊದಲು ಹೇಳಿದ್ದು "ನನ್ನನ್ನು ಕ್ಷಮಿಸು". ಅರ್ಥ ಸರಿ, ಆದರೆ ಅವನ ತುಟಿ ಶುರುವಿನಲ್ಲೇ ಮುಚ್ಚಿದೆ, ನಮ್ಮ ಬಾಯಿ ತೆರೆದೇ ಇದೆ. ಮೇಡಂ "ಮಗಳೇ, ಮನ್ನಿಸು" ಅಂತ ಹಾಕಿದರು. ಎರಡು ಕಡೆ ಮ, ಕೊನೆಯಲ್ಲಿ ತುಟಿ ಗುಂಡಗಾಗುವ ಸ್ವರ. ಪರದೆಯ ಮೇಲೆ ಆ ಮನುಷ್ಯ ಕನ್ನಡದಲ್ಲೇ ಮಾತಾಡಿದ ಹಾಗಾಯಿತು. ಎಲ್ಲರೂ ಇನ್ನೊಮ್ಮೆ ಹಾಕಿ ಅಂತ ಕೂಗಿದೆವು.

ಇಂಗ್ಲಿಷಿನಿಂದ ಬಂದರೆ ಕಷ್ಟ ಬೇರೆ ಥರ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತೆ, ಅವರದು ಮುಂಚೆಯೇ ಬಂದಿರುತ್ತೆ. ನಟ ಹುಬ್ಬೇರಿಸುವುದು ಒಂದು ಕಡೆ, ನಮ್ಮ ಒತ್ತು ಬೀಳುವುದು ಇನ್ನೊಂದು ಕಡೆ. ನಮ್ಮ ಪದಗಳೂ ಉದ್ದ, ಪ್ರತ್ಯಯ ಎಲ್ಲ ಅಂಟಿಕೊಂಡು ಬರುತ್ತವೆ. ಹಾಗಾಗಿ ಸಾಲು ಕತ್ತರಿಸುವುದನ್ನೂ ಕಲಿಸುತ್ತಾರೆ. ಧ್ವನಿ ಕಲಾವಿದೆಗೆ ಇದು ಯಾಕೆ ಅಂತ ಮೊದಲು ಅನ್ನಿಸಿತ್ತು. ರೆಕಾರ್ಡಿಂಗ್ ನಡೆಯುವಾಗ ಸಾಲು ಕೂರದಿದ್ದರೆ ಅಲ್ಲೇ ಒಂದು ಬದಲಿ ಸಾಲು ಹೇಳಬಲ್ಲವರನ್ನು ಮತ್ತೆ ಕರೆಯುತ್ತಾರಂತೆ.

ಮೈಕಿನ ಪಾಠ ಚಿಕ್ಕದು, ಚೊಕ್ಕ. ಬಾಯಿಗೂ ಮೈಕಿಗೂ ಸುಮಾರು ಒಂದು ಗೇಣು ದೂರ, ಸ್ವಲ್ಪ ಓರೆ ನಿಂತರೆ ಪ ಫ ಅನ್ನುವಾಗಿನ ಉಸಿರು ಮೈಕಿಗೆ ಹೊಡೆಯುವುದಿಲ್ಲ. ಕಿರುಚುವ ಸಾಲಿಗೆ ಹಿಂದೆ ಸರಿಯಬೇಕು, ಪಿಸುಮಾತಿಗೆ ಹತ್ತಿರ ಹೋಗಬೇಕು. ಸದ್ದು ಮಾಡುವ ಬಳೆ ಬೇಡ, ಗರಿಗರಿ ಕಾಟನ್ ಬಟ್ಟೆ ಬೇಡ. ಹಾಲು ಮೊಸರು ಕುಡಿದು ಬರಬೇಡಿ. ಮನೆಯಲ್ಲಿ ಅಭ್ಯಾಸಕ್ಕೆ ದುಬಾರಿ ಮೈಕ್ ಕೊಳ್ಳಬೇಡಿ, ಬಟ್ಟೆ ತುಂಬಿದ ಕಪಾಟಿನ ಮುಂದೆ ಫೋನ್ ಹಿಡಿದು ಮಾಡಿ ಅಂತ ಅವರೇ ಹೇಳಿದರು. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಸಾವಿರಾರು ರೂಪಾಯಿ ಸುರಿಯುವುದು ತಪ್ಪಿತು.

ಕ್ರೌಡ್ ಅಂತ ಒಂದಿದೆ. ಮದುವೆ ಮನೆ, ಮಾರ್ಕೆಟ್, ಕೋರ್ಟ್ ಇಂಥ ಕಡೆ ಹಿಂದೆ ಗುಜುಗುಜು ಅನ್ನುವ ಜನ. ಹೊಸಬರಿಗೆ ಮೊದಲು ಸಿಗುವುದೇ ಅದು. ಇಲ್ಲಿ ಅದನ್ನೂ ಪಾತ್ರದ ಹಾಗೇ ಕಲಿಸುತ್ತಾರೆ, ಸುಮ್ನೆ ಏನೋ ಗೊಣಗುವುದಲ್ಲ. ಮಾರ್ಕೆಟ್ ದೃಶ್ಯಕ್ಕೆ ನಾನು ಹುಣಸೆಹಣ್ಣಿನ ರೇಟು ಕೇಳುವವಳಾಗಿದ್ದೆ.

"ಕನ್ನಡದಲ್ಲಿ ಡಬ್ಬಿಂಗ್ ಕೆಲಸ ಎಲ್ಲಿದೆ?" ಅಂತ ಕೇಳುವವರಿಗೂ ಒಂದು ಮಾತು. ಆ ಅನುಮಾನಕ್ಕೆ ಒಂದು ಕಾಲದಲ್ಲಿ ಆಧಾರ ಇತ್ತು. ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗಬಾರದು ಅನ್ನುವ ವಿರೋಧ ಕರ್ನಾಟಕದಲ್ಲಿ ದಶಕಗಳ ಕಾಲ ನಡೆಯಿತು. ನಮ್ಮ ಕಲಾವಿದರ ಕೆಲಸ ಹೋಗುತ್ತೆ ಅನ್ನುವ ಭಯ ಅದರ ಹಿಂದಿತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನ ಒಂದು ಚಿತ್ರ ಕನ್ನಡಕ್ಕೆ ಡಬ್ ಆಗಿ ಥಿಯೇಟರಿಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡ ಮಾತಾಡುತ್ತ ನಮ್ಮ ಟಿವಿಗೆ ಬಂದವು. ಈಗ ಓಟಿಟಿಯೂ ಇದೆ. ಇನ್ನು ಜಾಹೀರಾತುಗಳಂತೂ ಮುಂಬೈಯಲ್ಲೇ ಎಷ್ಟೋ ವರ್ಷದಿಂದ ಕನ್ನಡಕ್ಕೆ ಡಬ್ ಆಗುತ್ತಲೇ ಇವೆ. ನಮ್ಮ ಮಾಮನಿಗೆ ಇದೆಲ್ಲ ಗೊತ್ತಿರಬೇಕಿಲ್ಲ, ಬಿಡಿ. ಆದರೆ ಗೊತ್ತಿಲ್ಲದ ಕೆಲಸದ ಬಗ್ಗೆ, ಕೇಳಿಲ್ಲದ ಧ್ವನಿಯ ಬಗ್ಗೆ ಅಷ್ಟು ಖಚಿತವಾಗಿ ಮಾತಾಡುವುದು ಯಾಕೆ? ಮಕ್ಕಳ ಒಳ್ಳೆಯದಕ್ಕೇ ಹೇಳುತ್ತಾರೆ, ನಿಜ. ಆ ಮಾತು ಮಕ್ಕಳ ಗಂಟಲಲ್ಲಿ ಎಷ್ಟು ವರ್ಷ ಸಿಕ್ಕಿಕೊಂಡಿರುತ್ತೆ ಅಂತ ಹೇಳಿದವರಿಗೆ ಗೊತ್ತಾಗುವುದೇ ಇಲ್ಲ.

ದುಡ್ಡಿನ ಪಾಠವೂ ಇತ್ತು. ಇದಕ್ಕೇ ನಾನು ಅರ್ಧ ಫೀಸು ಕೊಡುತ್ತಿದ್ದೆ. ಜಾಹೀರಾತಿಗೆ ಮೊದಲು ಸ್ಕ್ರ್ಯಾಚ್ ಅಂತ ಒಂದು ಕಚ್ಚಾ ಧ್ವನಿ ತೆಗೆಯುತ್ತಾರೆ, ಅದಕ್ಕೂ ದುಡ್ಡು ಕೇಳಿ, ಅದನ್ನೇ ಪ್ರಸಾರಕ್ಕೆ ಬಳಸಿದರೆ ಬೇರೆ ದರ ಅಂತ ಮೊದಲೇ ಬರೆಸಿಕೊಳ್ಳಿ. ಟಿವಿಗೆ, ರೇಡಿಯೋಗೆ, ಆನ್‌ಲೈನ್‌ಗೆ, ಎಷ್ಟು ಕಾಲಕ್ಕೆ ಅನ್ನುವುದನ್ನು ಕೇಳಿ. ಈಗ ಒಪ್ಪಂದದ ಕಾಗದದಲ್ಲಿ ನಿಮ್ಮ ಧ್ವನಿಯನ್ನು ಎಐಗೆ ಬಳಸಿಕೊಳ್ಳುತ್ತೇವೆ ಅನ್ನುವ ಸಾಲು ಎಲ್ಲೋ ಸಣ್ಣದಾಗಿ ಇರಬಹುದು, ಓದದೆ ಸಹಿ ಹಾಕಬೇಡಿ ಅಂದರು. ಕೆಲಸ ಕೊಡಿಸುತ್ತೇವೆ ಅಂತ ಯಾವ ಮಾತೂ ಕೊಡಲಿಲ್ಲ. ನನಗೆ ಅದರಿಂದಲೇ ನಂಬಿಕೆ ಜಾಸ್ತಿಯಾಯಿತು. ಗ್ಯಾರಂಟಿ ಅವಕಾಶ ಅಂತ ಬೋರ್ಡ್ ಹಾಕುವ ಕಡೆ ದುಡ್ಡು ಕಟ್ಟುವ ಮುಂಚೆ ಎರಡು ಸಲ ಯೋಚಿಸಿ.

ಕೊರತೆಗಳು. ಕನ್ನಡದ ಕ್ಲಾಸು ಕಡಿಮೆ. ಒಟ್ಟು ಪಾಠದಲ್ಲಿ ಮೂರನೇ ಒಂದು ಭಾಗವೂ ಬರುವುದಿಲ್ಲ. ಹಿಂದಿ ಬಾರದವರಿಗೆ ಖಂಡಿತ ಕಷ್ಟ. ಕೆಲಸ ಕೇಳುವಾಗ ಕಳಿಸುವ ಧ್ವನಿಯ ಸ್ಯಾಂಪಲ್, ಅಂದರೆ ಡೆಮೊ ರೀಲ್, ಮಾಡಿಕೊಡಲು ಬೇರೆ ದುಡ್ಡು, ಅದನ್ನು ಸೇರುವಾಗಲೇ ಹೇಳಬೇಕಿತ್ತು. ಕಾಯುವ ಜಾಗ ಇಕ್ಕಟ್ಟು. ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಲಾಗದವರು ಹೇಗೆ ಬರಬೇಕು? ಇದನ್ನು ಅವರಿಗೂ ಹೇಳಿದ್ದೇನೆ. ಮಳೆಗಾಲದಲ್ಲಿ ಆ ಒಳರಸ್ತೆಯಲ್ಲಿ ನೀರು ನಿಲ್ಲುತ್ತೆ, ನೋಡಿಕೊಂಡು ಬ್ಯಾಚ್ ಆರಿಸಿ.

ನನಗೆ ಏನಾಯಿತು ಅಂತ ಕೇಳುವವರಿಗೆ: ಕ್ರೌಡ್ ಕೆಲಸ ಸಿಗುತ್ತಿದೆ. ಒಂದು ಧಾರಾವಾಹಿಯಲ್ಲಿ ನರ್ಸ್ ಪಾತ್ರ ಸಿಕ್ಕಿತು, ಕೆಲವೇ ಸಾಲು. ಅಕೌಂಟ್ಸ್ ಕೆಲಸ ಬಿಟ್ಟಿಲ್ಲ, ಬಿಡುವಷ್ಟು ದುಡ್ಡು ಇದರಲ್ಲಿ ಇನ್ನೂ ಇಲ್ಲ. ಅಪ್ಪಯ್ಯನಿಗೆ ಅದನ್ನು ಹಾಗೇ ಹೇಳಿದ್ದೇನೆ. ಅವರು ಈಗಲೂ ಒಪ್ಪಿಲ್ಲ. ನಾನೂ ನಿಲ್ಲಿಸುವುದಿಲ್ಲ. ಅತ್ತಿಗೆಗೆ ಮಾತ್ರ ಆ ನರ್ಸಿನ ಸಂಚಿಕೆ ಕಳಿಸಿದೆ, ಯಾರ ಧ್ವನಿ ಅಂತ ಹೇಳದೆ. "ಕನ್ನಡ ಚೆನ್ನಾಗಿದೆ, ಯಾರು?" ಅಂತ ಬರೆದರು.

ಸೇರುವ ಆಸೆ ಇದ್ದರೆ ಫೋನ್ ಮಾಡಿ ಮೊದಲ ರೆಕಾರ್ಡಿಂಗಿಗೆ ಸಮಯ ಕೇಳಿ, ಅದಕ್ಕೆ ದುಡ್ಡಿಲ್ಲ. ಕನ್ನಡದ ಮೇಡಂ ಇರುವ ದಿನವೇ ಬೇಕು ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ಹಿಂದಿಯವರೇ ಕೇಳಿ ಕಳಿಸಿಬಿಡುತ್ತಾರೆ. ಓದಲು ನಿಮಗೆ ಇಷ್ಟವಾದ ಒಂದು ಪುಟ ತೆಗೆದುಕೊಂಡು ಹೋಗಿ, ಜೊತೆಗೆ ದಿನಪತ್ರಿಕೆಯ ಒಂದು ಸುದ್ದಿ. ಎರಡನ್ನೂ ಓದಿಸುತ್ತಾರೆ. ಸಾಧ್ಯವಾದರೆ ಬೆಳಗಿನ ಸಮಯವನ್ನೇ ಕೇಳಿ, ಸಂಜೆ ಬೂತು ಖಾಲಿ ಇರುವುದಿಲ್ಲ.